ಮನೆಯ ಶೆಡ್ಡಿನಲ್ಲೇ ಪಿಕಪ್‌ಗೆ ಟರ್ಬೊ ಎಂಜಿನ್: ಅರ್ಧ ಬಾರ್ ಬೂಸ್ಟ್, ಪೂರ್ತಿ ಲೆಕ್ಕ

ಟರ್ಬೊ, ಅಂದರೆ ಎಂಜಿನ್ನಿನ ಹೊಗೆಯ ಬಲದಲ್ಲೇ ತಿರುಗಿ ಒಳಗೆ ಗಾಳಿ ಒತ್ತುವ ಪಂಪ್, ಹಾಕಬೇಕು ಅಂತ ಮನಸ್ಸಾದ ಕೂಡಲೇ ಎಲ್ಲರೂ ಮೊದಲು ಟರ್ಬೊ ಹುಡುಕಲು ಹೊರಡುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಕೊಳ್ಳಬೇಕಾದ ಸಾಮಾನು. ಎಂಜಿನ್ನಿಗೆ ಗಾಳಿ ಜಾಸ್ತಿ ತುಂಬುವುದು ಸುಲಭದ ಕೆಲಸ. ಆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಕೊಡಬೇಕು, ಸರಿಯಾದ ಹೊತ್ತಿಗೆ ಕಿಡಿ ಕೊಡಬೇಕು, ಹುಟ್ಟುವ ಬಿಸಿಯನ್ನು ಹೊರಗೆ ಹಾಕಬೇಕು. ಎಂಜಿನ್ ಬಾಳುವುದು ಈ ಮೂರರ ಮೇಲೆ. ಅದಕ್ಕೇ ಇಲ್ಲಿ ಗುರಿಯನ್ನು ಬೇಕೆಂದೇ ಚಿಕ್ಕದಾಗಿ ಇಟ್ಟಿದ್ದೇನೆ: ಅರ್ಧ ಬಾರ್ ಬೂಸ್ಟ್, ಅಂದರೆ ಹೊರಗಿನ ವಾಯುಒತ್ತಡದ ಮೇಲೆ ಸುಮಾರು ಅದರ ಅರ್ಧದಷ್ಟು ಒತ್ತಡ ಜಾಸ್ತಿ, ಅಷ್ಟೇ. ನಮ್ಮ ಮಂಗಳೂರು, ಉಡುಪಿಯ ಸೆಕೆಯಲ್ಲಿ, ಬಂಕಿನಲ್ಲಿ ಸಿಗುವ ಮಾಮೂಲು ಪೆಟ್ರೋಲ್‌ನಲ್ಲಿ, ವರ್ಷಗಟ್ಟಲೆ ಓಡಬೇಕು ಅಂದರೆ ಮೊದಲ ಎಂಜಿನ್ನಿಗೆ ಇಷ್ಟು ಸಾಕು.

ಉದಾಹರಣೆಗೆ ಮಾರುತಿ ಜಿಪ್ಸಿಯನ್ನು ತೆಗೆದುಕೊಳ್ಳುತ್ತೇನೆ. 1985ರಲ್ಲಿ ಬಂದ ಗಾಡಿ ಇದು. ಬಾಡಿಯ ಕೆಳಗೆ ಬೇರೆಯೇ ಚಾಸಿ ಇದೆ. ಹಾಗಾಗಿ ಹಿಂದಿನ ಅರ್ಧ ಬಾಡಿ ತೆಗೆದು ಚಿಕ್ಕ ಲೋಡ್ ಬಾಡಿ ಕೂರಿಸಿ ಪಿಕಪ್ ಮಾಡಿದರೂ ಚಾಸಿಯ ಬಲ ಹಾಗೇ ಉಳಿಯುತ್ತದೆ. 2000ದ ಸುಮಾರಿಗೆ ಬಂದ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಇಂಜೆಕ್ಟರಿನಿಂದ ಪೆಟ್ರೋಲ್ ಕೊಡುವ) ಜಿಪ್ಸಿ ಕಿಂಗ್‌ನಲ್ಲಿ 1298 ಸಿಸಿ, 16 ವಾಲ್ವಿನ ಜಿ13ಬಿಬಿ ಎಂಜಿನ್ ಇದೆ. ಶಕ್ತಿ 80 ಎಚ್‌ಪಿ. ಇದೇ ಎಂಜಿನ್ ಮಾರುತಿಯ ಎಸ್ಟೀಮ್ ಕಾರಿನಲ್ಲೂ ಇತ್ತು, ಆದ್ದರಿಂದ ಬಿಡಿಭಾಗಕ್ಕೆ ಅಲೆದಾಟ ಕಡಿಮೆ. ನಿಮ್ಮ ಹತ್ತಿರ ಬೇರೆ ಪೆಟ್ರೋಲ್ ಎಂಜಿನ್ ಇದ್ದರೂ ತೊಂದರೆ ಇಲ್ಲ. ಅಳತೆ ಬದಲಾಗುತ್ತದೆ, ಲೆಕ್ಕದ ದಾರಿ ಒಂದೇ.

ಮೊದಲು ಕಾನೂನಿನ ಮಾತು

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ಮಾಡಿಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದರು. ಕೆಎ-19 ಆಗಲಿ, ಕೆಎ-20 ಆಗಲಿ, ನಂಬರ್ ಪ್ಲೇಟ್ ಇಟ್ಟುಕೊಂಡು ಟರ್ಬೊ ಪಿಕಪ್ಪನ್ನು ರಸ್ತೆಗೆ ಇಳಿಸುವಂತಿಲ್ಲ. ಅಪಘಾತವಾದರೆ ವಿಮೆಯೂ ಕೈಬಿಡಬಹುದು.

ಹಾಗಾದರೆ ಯಾಕೆ ಕಟ್ಟಬೇಕು? ಸ್ವಂತ ತೋಟ, ಖಾಸಗಿ ಜಾಗ, ಆಟೋಕ್ರಾಸ್ ಟ್ರ್ಯಾಕ್ ಇವಕ್ಕಾಗಿ. ಸ್ಪರ್ಧೆಯ ಯೋಚನೆ ಇದ್ದರೆ ದೇಶದಲ್ಲಿ ಮೋಟಾರ್ ಸ್ಪೋರ್ಟ್ ನೋಡಿಕೊಳ್ಳುವ ಎಫ್‌ಎಂಎಸ್‌ಸಿಐಯ ನಿಯಮಗಳನ್ನು ಮೊದಲೇ ಓದಿಕೊಳ್ಳಿ. ರೋಲ್ ಕೇಜ್, ಬ್ಯಾಟರಿ ಕಟ್ ಆಫ್ ಸ್ವಿಚ್, ಬೆಂಕಿ ಆರಿಸುವ ಸಿಲಿಂಡರ್ ಇವುಗಳ ಜಾಗವನ್ನು ಎಂಜಿನ್ ಕೂರಿಸುವ ಮೊದಲೇ ಗುರುತು ಹಾಕಿದರೆ ಆಮೇಲೆ ಕತ್ತರಿಸಿ ಬೆಸೆಯುವ ರಗಳೆ ಇಲ್ಲ. ಗಾಡಿ ಮನೆಯಿಂದ ಟ್ರ್ಯಾಕ್‌ಗೆ ಹೋಗುವುದು ಕ್ಯಾರಿಯರ್ ಮೇಲೆ.

ಲೆಕ್ಕದಿಂದ ಶುರು ಮಾಡಿ

ಒಂದು ಹಾಳೆ, ಒಂದು ಪೆನ್ನು ಸಾಕು. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಸಿಸಿಯಷ್ಟು ಗಾಳಿ ಎಳೆಯುತ್ತದೆ. 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ 3000 ಸಲ. 1.298 ಲೀಟರ್ ಗುಣಿಸು 3000 ಅಂದರೆ 3894 ಲೀಟರ್. ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, 85 ಶೇಕಡಾ ಹಿಡಿಯಿರಿ: ಸುಮಾರು 3310 ಲೀಟರ್.

ಇನ್ನು ಆ ಗಾಳಿಯ ತೂಕ. ಕರಾವಳಿಯಲ್ಲಿ ಹೊರಗಿನ ಗಾಳಿ 35 ಡಿಗ್ರಿ ಅಂತ ಇಟ್ಟುಕೊಳ್ಳೋಣ. ಅರ್ಧ ಬಾರ್‌ಗೆ ಒತ್ತಿದಾಗ, ಟರ್ಬೊದಲ್ಲಿ ಗಾಳಿ ಒತ್ತುವ ಭಾಗವಾದ ಕಂಪ್ರೆಸರ್ 70 ಶೇಕಡಾ ದಕ್ಷತೆಯದ್ದಾದರೆ, ಅದರಿಂದ ಹೊರಬರುವ ಗಾಳಿ 89 ಡಿಗ್ರಿ ಮುಟ್ಟುತ್ತದೆ. ಒತ್ತಿದ ಮಾತ್ರಕ್ಕೆ 54 ಡಿಗ್ರಿ ಏರಿಕೆ! ಒಳ್ಳೆಯ ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ರೇಡಿಯೇಟರ್) ಇದರಲ್ಲಿ 70 ಶೇಕಡಾ ಬಿಸಿಯನ್ನು ವಾಪಸ್ ತೆಗೆದರೆ ಎಂಜಿನ್ನಿಗೆ ಹೋಗುವುದು 51 ಡಿಗ್ರಿಯ ಗಾಳಿ. ಆ ಬಿಸಿ, ಆ ಒತ್ತಡದಲ್ಲಿ ಒಂದು ಘನ ಮೀಟರ್ ಗಾಳಿ 1.63 ಕಿಲೊ ತೂಗುತ್ತದೆ. ಅಂದರೆ ನಿಮಿಷಕ್ಕೆ 5.4 ಕಿಲೊ ಗಾಳಿ. ಕಂಪ್ರೆಸರ್ ಮ್ಯಾಪ್‌ಗಳಲ್ಲಿ, ಅಂದರೆ ಎಷ್ಟು ಗಾಳಿ, ಎಷ್ಟು ಒತ್ತಡಕ್ಕೆ ಕಂಪ್ರೆಸರ್ ಎಷ್ಟು ದಕ್ಷ ಎಂದು ತೋರಿಸುವ ನಕ್ಷೆಗಳಲ್ಲಿ, ಪೌಂಡ್ ಲೆಕ್ಕ ಬರೆದಿರುತ್ತಾರೆ, ಅದರಲ್ಲಿ 12 ಪೌಂಡ್. ಒಂದು ಪೌಂಡಿಗೆ ಸುಮಾರು 10 ಎಚ್‌ಪಿ ಅನ್ನುವುದು ಟ್ಯೂನರ್‌ಗಳ ರೂಢಿಯ ಲೆಕ್ಕ. 80ರ ಎಂಜಿನ್ 115ರಿಂದ 120ಕ್ಕೆ ಬರುತ್ತದೆ. ಜಿಪ್ಸಿಯಷ್ಟು ಹಗುರದ ಗಾಡಿಗೆ ಇದು ದೊಡ್ಡ ಬದಲಾವಣೆ.

ನಮ್ಮ ಊರಿನದೇ ಒಂದು ಸಂಗತಿ ಇಲ್ಲಿ ಸೇರಿಸಬೇಕು. ಏಪ್ರಿಲ್, ಮೇಯಲ್ಲಿ ಬೆವರು ಒಣಗದಷ್ಟು ತೇವ ಇರುತ್ತದಲ್ಲಾ, ಆಗ ನಾವು ಎಳೆಯುವ ಗಾಳಿಯಲ್ಲಿ ಸುಮಾರು 3 ಶೇಕಡಾ ಬರೀ ನೀರಿನ ಆವಿ. ಅಷ್ಟು ಆಮ್ಲಜನಕ ಕಡಿಮೆ. ಬೆಟ್ಟದ ಮೇಲಿನ ಕಥೆ ಬೇರೆ: ಸಮುದ್ರ ಮಟ್ಟದಲ್ಲಿ 101 ಕಿಲೊಪಾಸ್ಕಲ್ ಇರುವ ವಾಯುಒತ್ತಡ, 650 ಮೀಟರ್ ಎತ್ತರದ ಆಗುಂಬೆಯಲ್ಲಿ 94ಕ್ಕೆ ಇಳಿದಿರುತ್ತದೆ. ಮಂಗಳೂರಿನಲ್ಲಿ ಟ್ಯೂನ್ ಮಾಡಿದ ಎಂಜಿನ್ ಘಟ್ಟದ ಮೇಲೂ ಸರಿ ಓಡಬೇಕಾದರೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಗಾಳಿಯ ಒತ್ತಡವನ್ನೂ ಬಿಸಿಯನ್ನೂ ತಾನೇ ಅಳೆಯಬೇಕು.

ಎಂಜಿನ್ ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಬಿಚ್ಚುವ ಮೊದಲು ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂಬ ಪರೀಕ್ಷೆ) ಮಾಡಿ. ನಾಲ್ಕು ಸಿಲಿಂಡರ್‌ಗಳ ನಡುವೆ 10 ಶೇಕಡಾಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಎಂಜಿನ್ ಪೂರ್ತಿ ಬಿಚ್ಚಲೇಬೇಕು. ಚೆನ್ನಾಗಿದೆ ಅಂತ ಬಂದರೂ ಹಳೆ ಗಾಡಿಯಾದರೆ ನಾನು ಬಿಚ್ಚಿಯೇ ನೋಡುತ್ತೇನೆ. ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಎಲ್ಲ ಆಯಿಲ್ ಸೀಲ್ ಹೊಸತು ಹಾಕಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಕೈಗಾರಿಕಾ ಪ್ರದೇಶಗಳ ಲೇತ್ ಶಾಪ್‌ಗಳಲ್ಲಿ ವಿಚಾರಿಸಿ. ಸಿಲಿಂಡರ್ ಕೊರೆದು ಅಗಲಿಸುವ ಬೋರಿಂಗ್ ಮಾಡುವವರಿಗೆ ಪಿಸ್ಟನ್ ಕೈಗೆ ಕೊಟ್ಟೇ ಬೋರ್ ಮಾಡಿಸಿ. ಬಾಯಿಮಾತಿನಲ್ಲಿ ಸೈಜ್ ಹೇಳಿ ಬರಬೇಡಿ. ಪಿಸ್ಟನ್ ಕಂಪನಿ ಹೇಳಿದ ಕ್ಲಿಯರೆನ್ಸ್ (ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಸಂದು) ಎಷ್ಟೋ ಅಷ್ಟೇ ಇರಬೇಕು. ಹೆಡ್ಡಿನ (ಸಿಲಿಂಡರ್‌ಗಳ ಮೇಲಿನ ಮುಚ್ಚಳದ) ತಳವನ್ನು ಸ್ಟ್ರೈಟ್ ಎಡ್ಜ್ ಮತ್ತು ಫೀಲರ್ ಗೇಜ್ ಇಟ್ಟು ನೋಡಿ. 0.05 ಮಿ.ಮೀ.ಗಿಂತ ಜಾಸ್ತಿ ಬಾಗಿದ್ದರೆ ಫೇಸಿಂಗ್ (ತಳವನ್ನು ಕೆತ್ತಿ ಸಮ ಮಾಡುವುದು) ಮಾಡಿಸಿ. ಜಿ13ರ ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ಒಮ್ಮೆ ಕುದಿದ ಎಂಜಿನ್ನಾದರೆ ಬಾಗಿರುವುದೇ ಹೆಚ್ಚು.

ಮಳೆಗಾಲದಲ್ಲಿ ಈ ಕೆಲಸಕ್ಕೆ ಇಳಿದರೆ ಒಂದು ಎಚ್ಚರಿಕೆ ಬೇಕು. ಬ್ಲಾಕ್ ಅಲ್ಯೂಮಿನಿಯಂ ಆದರೂ ಒಳಗೆ ಪಿಸ್ಟನ್ ಓಡುವ ಕೊಳವೆ, ಅಂದರೆ ಲೈನರ್, ಕಬ್ಬಿಣ. ಆಟಿ ತಿಂಗಳ ತೇವದಲ್ಲಿ ಹೋನಿಂಗ್ ಮಾಡಿ (ಕಲ್ಲಿನಲ್ಲಿ ಉಜ್ಜಿ) ಒಣಗಿಸಿಟ್ಟ ಲೈನರ್ ಮೇಲೆ ಬೆಳಗಾಗುವುದರೊಳಗೆ ತೆಳ್ಳಗೆ ಕಂದು ಬಣ್ಣ ಕೂರುತ್ತದೆ. ಬೆರಳಿಟ್ಟು ಎಳೆದರೆ ಬೆರಳಿಗೆ ಅಂಟುತ್ತದೆ. ಲೇತ್‌ನಿಂದ ತಂದ ದಿನವೇ ಬಿಸಿ ನೀರು, ಸೋಪಿನ ಪುಡಿ ಹಾಕಿ ಬ್ರಷ್ಷಿನಲ್ಲಿ ತಿಕ್ಕಿ ತೊಳೆಯಿರಿ. ಹೋನಿಂಗ್ ಕಲ್ಲಿನ ಪುಡಿ ಪೆಟ್ರೋಲಿಗೆ ಬಿಡುವುದಿಲ್ಲ, ಸೋಪಿನ ನೀರಿಗೇ ಬಿಡುವುದು. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗೇ ಉಳಿಯಬೇಕು. ಆ ಕ್ಷಣವೇ ಎಂಜಿನ್ ಆಯಿಲ್ ಸವರಿ, ಪ್ಲಾಸ್ಟಿಕ್ ಚೀಲ ಕಟ್ಟಿ ಇಡಿ.

ಪಿಸ್ಟನ್ ರಿಂಗ್ ಗ್ಯಾಪ್ ಟರ್ಬೊ ಎಂಜಿನ್ನಿನ ಜೀವ. ಬಿಸಿ ಜಾಸ್ತಿಯಾದಂತೆ ರಿಂಗ್ ಹಿಗ್ಗುತ್ತದೆ. ಎರಡು ತುದಿ ಒಂದಕ್ಕೊಂದು ತಾಗಿದರೆ ರಿಂಗ್ ಬೋರಿನಲ್ಲಿ ಸಿಕ್ಕಿಕೊಂಡು ಪಿಸ್ಟನ್ನಿನ ಅಂಚನ್ನೇ ಮುರಿಯುತ್ತದೆ. ಮೇಲಿನ ರಿಂಗಿಗೆ ಬೋರಿನ ಅಳತೆಯ 0.0045ರಿಂದ 0.005 ಪಟ್ಟು ಗ್ಯಾಪ್ ಇಡುವುದು ರೂಢಿ. 74 ಮಿ.ಮೀ. ಬೋರಿಗೆ ಅದು 0.33ರಿಂದ 0.37 ಮಿ.ಮೀ. ಎರಡನೇ ರಿಂಗಿಗೆ 0.4ರ ಹತ್ತಿರ. ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಕೆಳಗು ಮಾಡಿ ನಾಜೂಕಾಗಿ ತಳ್ಳಿ ನೇರ ಮಾಡಿ, ಫೀಲರ್ ಗೇಜ್ ತೂರಿಸಿ ನೋಡಿ. ಕಡಿಮೆ ಇದ್ದರೆ ಒಂದು ತುದಿಯನ್ನು ಮಾತ್ರ, ಹೊರಗಿನಿಂದ ಒಳಮುಖವಾಗಿ ಅರದಲ್ಲಿ ಉಜ್ಜಿ. ಬೋರ್ ಮಾಡಿಸಿದ್ದರೆ ಹೊಸ ಬೋರಿನ ಅಳತೆ ಹಿಡಿದೇ ಲೆಕ್ಕ ಹಾಕಿ.

ಕಂಪ್ರೆಷನ್ ರೇಶಿಯೊ: ಪುಸ್ತಕ ನಂಬಬೇಡಿ, ಅಳೆಯಿರಿ

ಹೆಡ್ ಎಷ್ಟು ಸಲ ಫೇಸಿಂಗ್ ಆಗಿದೆಯೋ ಯಾರಿಗೆ ಗೊತ್ತು? ಒಂದೊಂದು ಸಲವೂ ರೇಶಿಯೊ, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬುದು, ಏರಿರುತ್ತದೆ. ಆದ್ದರಿಂದ ಅಳತೆ ನಿಮ್ಮ ಕೈಯಲ್ಲೇ ಆಗಬೇಕು.

ಹೆಡ್ಡನ್ನು ಮೇಜಿನ ಮೇಲೆ ಬೋರಲು ಹಾಕಿ, ಲೆವೆಲ್ ಇಟ್ಟು ಸಮ ಮಾಡಿ. ವಾಲ್ವ್, ಪ್ಲಗ್ ಜಾಗದಲ್ಲಿರಲಿ. ಒಂದು ಚೇಂಬರಿನ (ಪೆಟ್ರೋಲ್ ಉರಿಯುವ ಕುಳಿಯ) ಸುತ್ತ ತೆಳ್ಳಗೆ ಗ್ರೀಸ್ ಸವರಿ, ನಡುವೆ ಸಣ್ಣ ತೂತು ಇರುವ ಅಕ್ರಿಲಿಕ್ ತುಂಡನ್ನು ಒತ್ತಿ ಕೂರಿಸಿ. ಮೆಡಿಕಲ್ ಶಾಪಿನ 10 ಎಂಎಲ್ ಸಿರಿಂಜಿನಲ್ಲಿ, ಬಣ್ಣ ಕಲೆಸಿದ ಸೀಮೆಎಣ್ಣೆಯನ್ನು ತೂತಿನಿಂದ ಬಿಡುತ್ತಾ ಹೋಗಿ. ಗಾಳಿಗುಳ್ಳೆ ಉಳಿದರೆ ಹೆಡ್ಡನ್ನು ಒಂದು ಬದಿಗೆ ಸ್ವಲ್ಪ ಎತ್ತಿದರೆ ಗುಳ್ಳೆ ತೂತಿಗೆ ಬರುತ್ತದೆ. ಪೂರ್ತಿ ತುಂಬುವಾಗ ಎಷ್ಟು ಎಂಎಲ್ ಹೋಯಿತೋ ಅದೇ ಚೇಂಬರಿನ ಗಾತ್ರ. ಹತ್ತು ನಿಮಿಷ ಹಾಗೇ ಬಿಟ್ಟು ಪೋರ್ಟಿನೊಳಗೆ ಬೆರಳು ಹಾಕಿ ನೋಡಿ. ಒದ್ದೆಯಾಗಿದ್ದರೆ ವಾಲ್ವ್ ಸರಿ ಕೂತಿಲ್ಲ ಎಂದರ್ಥ. ಒಂದೇ ಕೆಲಸಕ್ಕೆ ಎರಡು ಪರೀಕ್ಷೆ ಆಯಿತು.

ಇದಕ್ಕೆ ಗ್ಯಾಸ್ಕೆಟ್ಟಿನ ದಪ್ಪದಲ್ಲಿರುವ ಜಾಗ, ಪಿಸ್ಟನ್ ಮೇಲಿನ ತಗ್ಗು, ಪಿಸ್ಟನ್ ಮೇಲೆ ಬಂದಾಗ ಬ್ಲಾಕಿನ ಮಟ್ಟಕ್ಕಿಂತ ಕೆಳಗೆ ಉಳಿಯುವ ಜಾಗ ಸೇರಿಸಿ. 74 ಮಿ.ಮೀ. ಬೋರ್, 75.5 ಮಿ.ಮೀ. ಸ್ಟ್ರೋಕ್‌ಗೆ ಒಂದು ಸಿಲಿಂಡರ್ 324.7 ಸಿಸಿ. ಒಟ್ಟು ಉಳಿದ ಜಾಗ 40.6 ಸಿಸಿ ಬಂದರೆ ರೇಶಿಯೊ 9. 43.3 ಸಿಸಿ ಬಂದರೆ 8.5. ನಡುವಿನ ವ್ಯತ್ಯಾಸ 2.7 ಸಿಸಿ, ಗ್ಯಾಸ್ಕೆಟ್ ದಪ್ಪದಲ್ಲಿ ಹೇಳುವುದಾದರೆ 0.63 ಮಿ.ಮೀ.

9ರ ಆಸುಪಾಸಿನಲ್ಲಿದ್ದರೆ ಅರ್ಧ ಬಾರ್‌ಗೆ ಏನೂ ಬದಲಿಸಬೇಡಿ. 9.5 ದಾಟಿದ್ದರೆ ಬೂಸ್ಟನ್ನು 0.35 ಬಾರ್‌ಗೆ ಇಳಿಸಿ, ಇಲ್ಲವೇ ತಗ್ಗು ಜಾಸ್ತಿ ಇರುವ ಪಿಸ್ಟನ್ ಹುಡುಕಿ. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಹಾಕುವ ಉಪಾಯವನ್ನು ಕೆಲವು ಗ್ಯಾರೇಜಿನಲ್ಲಿ ಹೇಳುತ್ತಾರೆ. ಅದು ಬೇಡವೇ ಬೇಡ. ಒಳ್ಳೆಯ ಸ್ಟೀಲ್ ಪದರದ ಗ್ಯಾಸ್ಕೆಟ್ ಒಂದೇ ಹಾಕಿ, ಹೊಸ ಹೆಡ್ ಬೋಲ್ಟ್ ಹಾಕಿ, ಟಾರ್ಕ್ ರೆಂಚಿನಲ್ಲಿ ಕಂಪನಿ ಹೇಳಿದ ಕ್ರಮದಲ್ಲೇ ಬಿಗಿ ಮಾಡಿ.

ಯಾವ ಟರ್ಬೊ?

ಗುಜರಿಯಲ್ಲಿ ಧಾರಾಳವಾಗಿ ಸಿಗುವುದು ಡೀಸೆಲ್ ಕಾರಿನ ಟರ್ಬೊ. ಬೆಲೆಯೂ ಕಡಿಮೆ. ಆದರೆ ಡೀಸೆಲ್ ಎಂಜಿನ್ನಿನ ಹೊಗೆಗಿಂತ ಪೆಟ್ರೋಲ್ ಎಂಜಿನ್ನಿನ ಹೊಗೆ ಬಹಳ ಬಿಸಿ, ಲೋಡಿನಲ್ಲಿ 900 ಡಿಗ್ರಿ ದಾಟುವುದು ಮಾಮೂಲು. ಡೀಸೆಲ್ ಟರ್ಬೊದ ಟರ್ಬೈನ್ ಮನೆಯನ್ನು, ಅಂದರೆ ಹೊಗೆ ಹಾಯುವ ಕಡೆಯ ಕವಚವನ್ನು, ಅಷ್ಟು ಬಿಸಿಗೆಂದು ಮಾಡಿರುವುದಿಲ್ಲ. ವೇರಿಯಬಲ್ ಟರ್ಬೊ ಆದರೆ ಒಳಗಿನ ಓರೆ ಬದಲಿಸುವ ರೆಕ್ಕೆಗಳು ಸಿಕ್ಕಿಬೀಳುತ್ತವೆ. ಹೆಚ್ಚಾದ ಹೊಗೆಯನ್ನು ಟರ್ಬೈನ್ ತಪ್ಪಿಸಿ ಹೊರಬಿಡುವ ವೇಸ್ಟ್‌ಗೇಟಿನ ತೂತೂ ಸಣ್ಣದು. ಹಾಗಾಗಿ ಹೊಗೆ ಹೊರಹೋಗಲು ಜಾಗ ಸಾಲದೆ ಬೂಸ್ಟ್ ತಾನಾಗಿ ಏರುತ್ತಾ ಹೋಗುತ್ತದೆ. ಅರ್ಧ ಬಾರ್ ಅಂತ ಲೆಕ್ಕ ಹಾಕಿ ಒಂದು ಬಾರ್ ಕೊಟ್ಟರೆ ಎಂಜಿನ್ ಉಳಿಯುತ್ತದಾ?

1ರಿಂದ 1.4 ಲೀಟರ್ ಪೆಟ್ರೋಲ್ ಕಾರಿನ ಟರ್ಬೊ, ಅಥವಾ ಗ್ಯಾರೆಟ್ ಜಿಟಿ1544ರ ಗಾತ್ರದ್ದು ಈ ಎಂಜಿನ್ನಿಗೆ ಹೊಂದುತ್ತದೆ. ಕಂಪ್ರೆಸರ್ ಮ್ಯಾಪ್ ಸಿಕ್ಕರೆ 12 ಪೌಂಡ್, 1.6 ಒತ್ತಡದ ಅನುಪಾತದ ಬಿಂದು ಎಲ್ಲಿ ಬೀಳುತ್ತದೆ ನೋಡಿ. ಫಿಲ್ಟರ್, ಇಂಟರ್‌ಕೂಲರ್‌ಗಳಲ್ಲಿ ಸ್ವಲ್ಪ ಒತ್ತಡ ಕಳೆದುಹೋಗುವುದರಿಂದ 1.5ರ ಬದಲು 1.6 ಹಿಡಿಯುವುದು. ಹಳೆಯದು ಕೊಳ್ಳುವಾಗ ಶಾಫ್ಟ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ: ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ, ರೆಕ್ಕೆ ಮನೆಗೆ ತಾಗಬಾರದು. ಹಿಂದೆ ಮುಂದೆ ಎಳೆದಾಗ ಆಟವೇ ಸಿಗಬಾರದು.

ಮ್ಯಾನಿಫೋಲ್ಡ್ ಮತ್ತು ಆಯಿಲ್ ಲೈನ್

ಹೆಡ್ಡಿನಿಂದ ಟರ್ಬೊಗೆ ಹೊಗೆ ತರುವ ಮ್ಯಾನಿಫೋಲ್ಡಿಗೆ ನನ್ನ ಆಯ್ಕೆ ಒಂದೂಕಾಲು ಇಂಚಿನ, ಶೆಡ್ಯೂಲ್ 40 ದಪ್ಪದ ಸ್ಟೀಮ್ ಪೈಪಿನ ಬೆಂಡುಗಳು. ಹೊರಗಿನ ಅಳತೆ 42 ಮಿ.ಮೀ., ಗೋಡೆ ಮೂರೂವರೆ ಮಿ.ಮೀ. ನೋಡಲು ಒರಟು, ಆದರೆ ಬಿರುಕು ಬಿಡುವುದು ಅಪರೂಪ. ಎಸ್‌ಎಸ್ 304 ಹೊಳೆಯುತ್ತದೆ, ಉಪ್ಪುಗಾಳಿಗೆ ತಡೆಯುತ್ತದೆ, ನಿಜ. ಆದರೆ ಅದು ಬಿಸಿಗೆ ಮೈಲ್ಡ್ ಸ್ಟೀಲಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ತೆಳು ಪೈಪಾದರೆ ಬೆಸುಗೆಯ ಪಕ್ಕದಲ್ಲೇ ಸೀಳುತ್ತದೆ. ಹೆಡ್ ಫ್ಲ್ಯಾಂಜ್ 10ರಿಂದ 12 ಮಿ.ಮೀ. ಪ್ಲೇಟಿನಲ್ಲಿ ಕತ್ತರಿಸಿ. ಬೆಸೆಯುವಾಗ ಅದನ್ನು ಹಳೆ ಹೆಡ್ಡಿಗೆ ಬಿಗಿದಿಡಿ, ಇಲ್ಲವಾದರೆ ಬಾಳೆಕಾಯಿಯ ಹಾಗೆ ಬಾಗುತ್ತದೆ. ಪೂರ್ತಿ ತಣಿದ ಮೇಲೆ ಬಿಚ್ಚಿ, ಮುಖವನ್ನು ಲೇತ್‌ನಲ್ಲಿ ಸಮ ಮಾಡಿಸಿ. ಟರ್ಬೊದ ಭಾರ ಮ್ಯಾನಿಫೋಲ್ಡ್ ಮೇಲೆ ನೇತಾಡಬಾರದು. ಬ್ಲಾಕಿಗೆ ಒಂದು ಬ್ರಾಕೆಟ್ ಕೊಡಿ.

ಆಯಿಲ್ ಲೈನಿನಲ್ಲಿ ಹೋಗುವ ದಾರಿಗಿಂತ ವಾಪಸ್ ಬರುವ ದಾರಿ ಮುಖ್ಯ. ಹೋಗುವುದು ಆಯಿಲ್ ಪ್ರೆಷರ್ ಸ್ವಿಚ್ಚಿನ ಜಾಗದಿಂದ ಟೀ ಹಾಕಿ ತೆಗೆದ ಸಣ್ಣ, ಸ್ಟೀಲ್ ಹೆಣೆದ ಹೋಸ್. ವಾಪಸ್ ಬರುವಾಗ ಒತ್ತಡ ಇರುವುದಿಲ್ಲ, ಆಯಿಲ್ ತನ್ನ ಭಾರಕ್ಕೇ ಇಳಿಯಬೇಕು. ಒಳಗಿನ ಅಳತೆ 15 ಮಿ.ಮೀ. ಆದರೂ ಇರಲಿ, ದಾರಿಯುದ್ದಕ್ಕೂ ಇಳಿಜಾರು ಇರಲಿ, ಸಂಪಿನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ) ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಲಿ. ಇಲ್ಲಿ ತಡೆಯಾದರೆ ಟರ್ಬೊ ಸೀಲ್ ದಾಟಿ ಆಯಿಲ್ ಹೊಗೆಗೆ ಬರುತ್ತದೆ. ಹೊಸ ಟರ್ಬೊ ಹಾಳಾಗಿದೆ ಅಂತ ವಾಪಸ್ ಕೊಡಲು ಹೋಗುವವರಲ್ಲಿ ಎಷ್ಟೋ ಜನರ ತೊಂದರೆ ಈ ಪೈಪಿನದ್ದೇ. ಸಂಪಿಗೆ ಬೆಸುಗೆ ಹಾಕುವುದು ಬಿಚ್ಚಿ ಕೆಳಗಿಳಿಸಿದ ಮೇಲೆ. ಎಂಜಿನ್ನಿನಲ್ಲೇ ಇಟ್ಟು ಕೊರೆದರೆ ಲೋಹದ ಪುಡಿ ಒಳಗೆ ಬೀಳುತ್ತದೆ.

ಬ್ರೇಕ್ ಪೈಪ್, ಕ್ಲಚ್ ಕೇಬಲ್, ಪೆಟ್ರೋಲ್ ಲೈನ್ ಇವು ಟರ್ಬೊದ ಹತ್ತಿರ ಸುಳಿಯದಿರಲಿ. ಜಾಗವಿಲ್ಲದ ಕಡೆ ತಗಡಿನ ಶೀಲ್ಡ್ ಹಾಕಿ, ನಡುವೆ ಗಾಳಿ ಆಡುವಷ್ಟು ಸಂದು ಬಿಡಿ.

ಪೆಟ್ರೋಲ್: ಇ20 ಅನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲ್ ಸರಿಯಾಗಿ ಉರಿಯಲು ಒಂದು ಕಿಲೊಗೆ 14.7 ಕಿಲೊ ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಅಂದರೆ ಅದೇ ಗಾಳಿಗೆ ಪೆಟ್ರೋಲ್ ಜಾಸ್ತಿ ಸುರಿಯಬೇಕು. ಬೂಸ್ಟಿನಲ್ಲಿ ಲ್ಯಾಂಬ್ಡಾ (ಸರಿಯಾಗಿ ಉರಿಯಲು ಬೇಕಾದ ಗಾಳಿಯಲ್ಲಿ ಎಷ್ಟು ಪಾಲು ಇದೆ ಎಂಬ ಅಳತೆ) 0.82 ಹಿಡಿದರೆ ಅನುಪಾತ 11ಕ್ಕೆ ಬರುತ್ತದೆ. 5.4 ಕಿಲೊ ಗಾಳಿಗೆ 0.49 ಕಿಲೊ, ಅಂದರೆ ನಿಮಿಷಕ್ಕೆ 650 ಎಂಎಲ್. ನಾಲ್ಕು ಇಂಜೆಕ್ಟರ್‌ಗಳಿಗೆ ಹಂಚಿದರೆ ಒಂದಕ್ಕೆ 163. ಇಂಜೆಕ್ಟರನ್ನು 80 ಶೇಕಡಾಕ್ಕಿಂತ ಜಾಸ್ತಿ ಹೊತ್ತು ತೆರೆದಿಡಬಾರದು, ಹಾಗಾಗಿ ನಿಮಿಷಕ್ಕೆ 204 ಎಂಎಲ್ (ಸಿಸಿ) ಬಿಡುವ ಇಂಜೆಕ್ಟರ್ ಬೇಕು. ಚಳಿಯ ದಿನ, ಬೂಸ್ಟ್ ಸ್ವಲ್ಪ ಮೇಲೆ ಹೋದ ಕ್ಷಣ, ಇವಕ್ಕೆಲ್ಲ ಕೈಯಲ್ಲಿ ಮಿಗುವಂತೆ 280ರಿಂದ 300 ಸಿಸಿಯ ಇಂಜೆಕ್ಟರ್ ಕೊಳ್ಳಿ. ನಾಲ್ಕನ್ನೂ ಟೆಸ್ಟ್ ಬೆಂಚಿನಲ್ಲಿ ಹಾಕಿಸಿ ನೋಡಿ. ಒಂದು ಸಿಲಿಂಡರಿಗೆ ಪೆಟ್ರೋಲ್ ಕಡಿಮೆಯಾದರೆ ಆ ಪಿಸ್ಟನ್ನೇ ಮೊದಲು ಕರಗುವುದು.

ಪಂಪ್ ಟ್ಯಾಂಕಿನ ಒಳಗೇ ಇರಲಿ. ಪ್ರೆಷರ್ ರೆಗ್ಯುಲೇಟರಿಗೆ ಗಾಳಿ ಒಳಹೋಗುವ ಕಡೆಯ ಮ್ಯಾನಿಫೋಲ್ಡಿನಿಂದ ಒಂದು ಹೋಸ್ ಕೊಡಿ. ಬೂಸ್ಟ್ ಅರ್ಧ ಬಾರ್ ಏರಿದಾಗ ಪೆಟ್ರೋಲಿನ 3 ಬಾರ್ ಒತ್ತಡ 3.5 ಆಗಬೇಕು, ಇಲ್ಲವಾದರೆ ಇಂಜೆಕ್ಟರಿನ ಎದುರಿಗೆ ಒತ್ತುವ ಗಾಳಿಯೇ ಪೆಟ್ರೋಲನ್ನು ತಡೆಯುತ್ತದೆ. ಹಳೆ ರಬ್ಬರ್ ಹೋಸ್ ಎಲ್ಲ ಕಿತ್ತು ಬಿಸಾಡಿ. ಎಥನಾಲ್ ಅದನ್ನು ಮೆತ್ತಗೆ ಮಾಡುತ್ತದೆ. ಇಂಜೆಕ್ಷನ್ ಗಾಡಿಗೆಂದೇ ಬರುವ 30ಆರ್9 ಗುರುತಿನ ಹೋಸ್ ಕೇಳಿ ತನ್ನಿ.

ಇಸಿಯು, ಸೆನ್ಸರ್, ವೈರಿಂಗ್

ಕಂಪನಿಯ ಇಸಿಯುಗೆ ಬೂಸ್ಟ್ ಅಂದರೆ ಏನೆಂದೇ ಗೊತ್ತಿಲ್ಲ. ಅದನ್ನು ಮೋಸ ಮಾಡುವ ಡಬ್ಬಿಗಳ ಬದಲು ನೇರವಾಗಿ ಸ್ವತಂತ್ರ ಇಸಿಯು ಹಾಕಿ. ಮೆಗಾಸ್ಕ್ವರ್ಟ್ ಇದೆ, ಆರ್ಡುಯಿನೊ ಮೆಗಾ ಬೋರ್ಡಿನ ಮೇಲೆ ಓಡುವ ಸ್ಪೀಡುಯಿನೊ ಇದೆ. ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಟ್ಯೂನರ್ ಸ್ಟುಡಿಯೊ ಮೂಲಕ ಹೊಂದಿಸಬಹುದು. ಎಲೆಕ್ಟ್ರಾನಿಕ್ಸ್ ಆಸಕ್ತಿ ಇರುವ ಇಂಜಿನಿಯರಿಂಗ್ ಹುಡುಗರು ಸುರತ್ಕಲ್, ಮಣಿಪಾಲದಲ್ಲಿ ಬೇಕಾದಷ್ಟು ಜನ ಇದ್ದಾರೆ. ಬೆಸುಗೆ ಹಾಕುವವರಿಗೂ ಕೋಡ್ ಓದುವವರಿಗೂ ಒಂದೇ ಶೆಡ್ಡಿನಲ್ಲಿ ಕೆಲಸ ಸಿಗುವುದು ಇಂಥ ಗಾಡಿ ಕಟ್ಟುವಾಗಲೇ.

ಕ್ರ್ಯಾಂಕ್ ಪುಲ್ಲಿಗೆ 36 ಹಲ್ಲಿನಲ್ಲಿ ಒಂದು ಇಲ್ಲದ ಚಕ್ರ ಕೂರಿಸಿ, ಸೆನ್ಸರನ್ನು 1 ಮಿ.ಮೀ. ದೂರದಲ್ಲಿ ಗಟ್ಟಿಯಾದ ಬ್ರಾಕೆಟ್ಟಿನಲ್ಲಿ ನಿಲ್ಲಿಸಿ. ಬ್ರಾಕೆಟ್ ನಡುಗಿದರೆ ಕಿಡಿಯ ಟೈಮಿಂಗೇ ನಡುಗುತ್ತದೆ. ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡವನ್ನು 250 ಕಿಲೊಪಾಸ್ಕಲ್‌ವರೆಗೆ ಅಳೆಯುವ ಮ್ಯಾಪ್ ಸೆನ್ಸರ್, ಇಂಟರ್‌ಕೂಲರ್ ಆದ ಮೇಲೆ ಗಾಳಿಯ ಬಿಸಿ ಅಳೆಯುವ ಸೆನ್ಸರ್, ಟರ್ಬೊ ಆದ ಮೇಲೆ ಸೈಲೆನ್ಸರ್ ಪೈಪಿನಲ್ಲಿ ಲ್ಯಾಂಬ್ಡಾ ಅಳೆಯುವ ಬಾಷ್ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡ್ ಸೆನ್ಸರ್. ಈ ಮೂರರಲ್ಲಿ ಯಾವುದನ್ನೂ ಉಳಿತಾಯ ಮಾಡಬೇಡಿ. ಪ್ಲಗ್ಗನ್ನು ಒಂದು ಹೆಜ್ಜೆ ತಣ್ಣಗಿನದು (ಬಿಸಿಯನ್ನು ಬೇಗ ಹೆಡ್ಡಿಗೆ ಬಿಡುವಂಥದ್ದು) ಹಾಕಿ, ಗ್ಯಾಪ್ 0.6ರಿಂದ 0.7 ಮಿ.ಮೀ. ಇಡಿ. ಎನ್‌ಜಿಕೆಯಲ್ಲಿ ನಂಬರ್ ಏರಿದರೆ ತಣ್ಣಗಿನ ಪ್ಲಗ್, ಬಾಷ್‌ನಲ್ಲಿ ನಂಬರ್ ಇಳಿದರೆ.

ವೈರಿಂಗ್‌ನಲ್ಲಿ ಕರಾವಳಿಯ ಶತ್ರು ಉಪ್ಪು. ಬರೀ ತಾಮ್ರದ ವೈರ್ ಒಂದೆರಡು ಮಳೆಗಾಲದಲ್ಲಿ ತುದಿಯಿಂದ ಹಸಿರಾಗಿ, ಸಿಪ್ಪೆಯ ಒಳಗೊಳಗೇ ಕಪ್ಪಾಗುತ್ತಾ ಹೋಗುತ್ತದೆ. ಮಲ್ಪೆ ಅಥವಾ ಮಂಗಳೂರು ಬಂದರಿನಲ್ಲಿ ಬೋಟಿನ ಸಾಮಾನು ಮಾರುವ ಅಂಗಡಿಗಳಲ್ಲಿ ತವರ ಲೇಪಿಸಿದ ವೈರ್, ಎಸ್‌ಎಸ್ ಹೋಸ್ ಕ್ಲಿಪ್ ವಿಚಾರಿಸಿ. ಜಾಯಿಂಟ್‌ಗಳಿಗೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ. ಸೆನ್ಸರ್‌ಗಳ ಅರ್ಥಿಂಗ್ ಎಲ್ಲ ಇಸಿಯುನ ಒಂದೇ ಬಿಂದುವಿಗೆ ಬರಲಿ. ಇಸಿಯು ಡ್ಯಾಶ್‌ಬೋರ್ಡಿನ ಒಳಗೆ, ನೀರು ತಾಗದಷ್ಟು ಎತ್ತರದಲ್ಲಿರಲಿ.

ತಂಪು ಮಾಡುವುದು

ರೇಡಿಯೇಟರನ್ನು ಒಂದು ಸಾಲು ಜಾಸ್ತಿ ಇರುವ ಕೋರಿಗೆ ಬದಲಿಸಿ, ಅದರ ಮುಂದೆ ಇಂಟರ್‌ಕೂಲರ್ ಇಡಿ, ಎರಡರ ಸುತ್ತ ಗಾಳಿ ಸೋರದಂತೆ ತಗಡು ಕಟ್ಟಿ. ನಮ್ಮ ಕಡೆ ಥರ್ಮೋಸ್ಟಾಟ್ ತೆಗೆದು ಬಿಸಾಡುವ ಅಭ್ಯಾಸ ಇನ್ನೂ ಹೋಗಿಲ್ಲ ಮಾರಾಯ್ರೆ. ಅದನ್ನು ಉಳಿಸಿಕೊಳ್ಳಿ. ಎಂಜಿನ್ ಸರಿಯಾದ ಬಿಸಿಗೆ ಬರದಿದ್ದರೆ ಇಸಿಯು ಎಂಜಿನ್ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಆ ಪೆಟ್ರೋಲ್ ಬೋರಿನ ಆಯಿಲನ್ನು ತೊಳೆದು ಸಂಪಿಗೆ ಇಳಿಯುತ್ತದೆ.

ಮೊದಲ ಸ್ಟಾರ್ಟ್

1. ಪಕ್ಕದಲ್ಲಿ 2 ಕಿಲೊದ ಡ್ರೈ ಪೌಡರ್ ಸಿಲಿಂಡರ್ ಇಟ್ಟುಕೊಳ್ಳಿ. ಒಬ್ಬರೇ ಇರಬೇಡಿ.
2. ಟರ್ಬೊದ ಆಯಿಲ್ ತೂತಿಗೆ ಸ್ವಲ್ಪ ಆಯಿಲ್ ಹೊಯ್ದು ಕೈಯಲ್ಲಿ ಶಾಫ್ಟ್ ತಿರುಗಿಸಿ.
3. ಪ್ಲಗ್ ತೆಗೆದು, ಇಂಜೆಕ್ಟರ್ ಕನೆಕ್ಟರ್ ಕಳಚಿ, ಆಯಿಲ್ ಪ್ರೆಷರ್ ಬರುವವರೆಗೆ ಸ್ಟಾರ್ಟರ್ ತಿರುಗಿಸಿ. ಬಿಟ್ಟುಬಿಟ್ಟು ಮಾಡಿ, ಸ್ಟಾರ್ಟರ್ ಕಾದೀತು.
4. ಪೆಟ್ರೋಲ್ ಪಂಪ್ ಮಾತ್ರ ಓಡಿಸಿ ಒಂದೊಂದು ಜಾಯಿಂಟನ್ನೂ ಟಾರ್ಚ್ ಹಿಡಿದು ನೋಡಿ.
5. ಇಸಿಯುನಲ್ಲಿ ಟೈಮಿಂಗನ್ನು (ಪಿಸ್ಟನ್ ತುದಿ ಮುಟ್ಟುವ ಎಷ್ಟು ಡಿಗ್ರಿ ಮೊದಲು ಕಿಡಿ ಎಂಬುದನ್ನು) 10 ಡಿಗ್ರಿಗೆ ಲಾಕ್ ಮಾಡಿ. ಸ್ಟಾರ್ಟ್ ಆದ ಕೂಡಲೇ ಟೈಮಿಂಗ್ ಲೈಟಿನಲ್ಲಿ ಪುಲ್ಲಿಯ ಮೇಲೂ 10 ಡಿಗ್ರಿಯೇ ಕಾಣುತ್ತದಾ ನೋಡಿ.

ಐದನೆಯದು ಸರಿಯಾಗುವವರೆಗೆ ಮುಂದಕ್ಕೆ ಹೋಗುವ ಹಾಗಿಲ್ಲ. ಇಸಿಯು 20 ಅಂತ ತೋರಿಸುವಾಗ ಎಂಜಿನ್ನಿನಲ್ಲಿ ನಿಜವಾಗಿ 28 ಇದ್ದರೆ ಉಳಿದ ಎಲ್ಲ ಟ್ಯೂನಿಂಗ್ ವ್ಯರ್ಥ.

ಟ್ಯೂನಿಂಗ್

ಎನ್‌ಎಚ್ 66ರಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಟ್ಯೂನ್ ಮಾಡುವ ಯೋಚನೆ ಬಿಟ್ಟುಬಿಡಿ. ಬೂಸ್ಟ್ ಇಲ್ಲದ ಭಾಗವನ್ನು ಖಾಸಗಿ ಜಾಗದಲ್ಲಿ ನಿಧಾನವಾಗಿ ಓಡಿಸುತ್ತಾ ಹೊಂದಿಸಿ. ಬೂಸ್ಟ್ ಭಾಗಕ್ಕೆ ಗಾಡಿಯನ್ನು ಬೆಂಗಳೂರಿನ ಡೈನೊಗೆ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರಕ್ಕೆ) ಕೊಂಡೊಯ್ಯುವ ಖರ್ಚು ಪೂರ್ತಿ ಸಾರ್ಥಕ. ಹೊಸ ಪಿಸ್ಟನ್ ಸೆಟ್ಟಿಗಿಂತ ಅದು ಅಗ್ಗ.

ಮೀಟರಿನಲ್ಲಿ ಲ್ಯಾಂಬ್ಡಾ ಓದುವ ಅಭ್ಯಾಸ ಮಾಡಿಕೊಳ್ಳಿ. ಇ20 ಇರಲಿ, ಇನ್ನೊಂದಿರಲಿ, 1 ಅಂದರೆ ಸರಿಸಮ, ಬೂಸ್ಟಿನಲ್ಲಿ 0.80ರಿಂದ 0.82 ಬೇಕು. 14.7ರ ಸ್ಕೇಲಿನ ಮೀಟರಾದರೆ ಅದೇ 11.8ರಿಂದ 12 ಎಂದು ಕಾಣುತ್ತದೆ. ಟೈಮಿಂಗನ್ನು ಒಂದು ಪಿಎಸ್‌ಐ ಬೂಸ್ಟಿಗೆ ಒಂದು ಡಿಗ್ರಿಯಂತೆ ಹಿಂದಕ್ಕೆ ಎಳೆದು ಶುರು ಮಾಡಿ. ಅರ್ಧ ಬಾರ್ ಅಂದರೆ 7 ಪಿಎಸ್‌ಐ, ಹಾಗಾಗಿ 7 ಡಿಗ್ರಿ. ಒಳಬರುವ ಗಾಳಿ 50 ಡಿಗ್ರಿ ದಾಟಿದರೆ ಇನ್ನೂ ಹಿಂದಕ್ಕೆ ಹೋಗುವಂತೆ ಟೇಬಲ್ ತುಂಬಿ. ಮೇ ತಿಂಗಳ ಮಧ್ಯಾಹ್ನ ಆ ಟೇಬಲ್ಲೇ ಎಂಜಿನ್ನನ್ನು ಕಾಯುವುದು.

ವೇಸ್ಟ್‌ಗೇಟಿನ ಸ್ಪ್ರಿಂಗ್ ಎಷ್ಟರದ್ದೋ ಅದಕ್ಕಿಂತ ಕಡಿಮೆ ಬೂಸ್ಟ್ ಇಡಲು ಬರುವುದಿಲ್ಲ. ಆದ್ದರಿಂದ 0.4 ಬಾರ್‌ನ ಸ್ಪ್ರಿಂಗ್ ಹಾಕಿ, ಕಂಟ್ರೋಲರ್ ಇಲ್ಲದೆ ಓಡಿಸಿ. ಮ್ಯಾಪ್ ಸೆನ್ಸರಿನ ಒತ್ತಡ 170 ಕಿಲೊಪಾಸ್ಕಲ್ ಮುಟ್ಟಿದ ಕೂಡಲೇ ಪೆಟ್ರೋಲ್ ನಿಲ್ಲುವಂತೆ ಬೂಸ್ಟ್ ಕಟ್ ಇಡಿ. ವೇಸ್ಟ್‌ಗೇಟಿನ ಹೋಸ್ ಕಳಚಿಬಿದ್ದ ದಿನ ಎಂಜಿನ್ ಉಳಿಸುವುದು ಇದೊಂದೇ ಸಾಲು. ಬ್ಲಾಕಿಗೆ ನಾಕ್ (ಪೆಟ್ರೋಲ್ ತಾನಾಗಿ ಸಿಡಿಯುವುದು) ಹಿಡಿಯುವ ಸೆನ್ಸರ್ ಹಾಕಿ ಹೆಡ್‌ಫೋನಿನಲ್ಲಿ ಕೇಳುವ ವ್ಯವಸ್ಥೆ ಮಾಡಿಕೊಳ್ಳಿ. ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದಂಥ ಸದ್ದು ಒಮ್ಮೆ ಕೇಳಿದರೂ ಆಕ್ಸಿಲರೇಟರ್ ಬಿಡಿ, 2 ಡಿಗ್ರಿ ಹಿಂದಕ್ಕೆ ಎಳೆಯಿರಿ, ಆಮೇಲೆ ಕಾರಣ ಹುಡುಕಿ.

ಆಮೇಲೆ

ಮೊದಲ 500 ಕಿಲೋಮೀಟರ್ ಆದ ಮೇಲೆ ಆಯಿಲ್ ಬದಲಿಸಿ, ಹಳೆ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡಿ. ಕಂದು ಆಯಿಲಿನ ನಡುವೆ ಬೆಳ್ಳಿಯ ಚೂರು ಮಿನುಗಿದರೆ ಬೇರಿಂಗ್ ನೋಡಲೇಬೇಕು. ಟರ್ಬೊ ಫ್ಲ್ಯಾಂಜಿನ ನಟ್‌ಗಳು ಬಿಸಿಗೆ ಸಡಿಲವಾಗಿರುತ್ತವೆ, ತಣ್ಣಗಿರುವಾಗ ಮತ್ತೊಮ್ಮೆ ಬಿಗಿ ಮಾಡಿ. ಕ್ಲಚ್ ಜಾರುತ್ತಿದ್ದರೆ ಆಶ್ಚರ್ಯ ಇಲ್ಲ, ಬಲವಾದ ಪ್ರೆಷರ್ ಪ್ಲೇಟ್ ಬೇಕಾಗುತ್ತದೆ. ಜೋರಾಗಿ ಓಡಿಸಿ ಬಂದ ಮೇಲೆ ಒಂದೆರಡು ನಿಮಿಷ ಸುಮ್ನೆ ಐಡಲಿನಲ್ಲಿ ಬಿಟ್ಟು ಆಫ್ ಮಾಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ನಿಲ್ಲಿಸಿಡುವುದಾದರೆ ಟ್ಯಾಂಕ್ ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ಅರ್ಧ ಟ್ಯಾಂಕ್ ಇಟ್ಟರೆ ಉಳಿದ ಅರ್ಧದಲ್ಲಿ ಒದ್ದೆ ಗಾಳಿ ಇರುತ್ತದೆ, ಎಥನಾಲ್ ಆ ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ, ಪಂಪ್ ಎಳೆಯುವುದು ಆ ತಳದಿಂದಲೇ. ಮಳೆ ಮುಗಿದು ಮತ್ತೆ ಸ್ಟಾರ್ಟ್ ಮಾಡುವ ಮೊದಲು ಪಂಪ್ ಮಾತ್ರ ಓಡಿಸಿ, ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಹಿಡಿದು ಸ್ವಲ್ಪ ಹೊತ್ತು ಇಡಿ. ಎರಡು ಪದರ ಕಂಡರೆ ಟ್ಯಾಂಕ್ ಇಳಿಸಿ ತೊಳೆದು, ಫಿಲ್ಟರ್ ಹೊಸತು ಹಾಕಿ, ಇಂಜೆಕ್ಟರ್‌ಗಳನ್ನು ಮತ್ತೊಮ್ಮೆ ಬೆಂಚಿನಲ್ಲಿ ನೋಡಿಸಿಯೇ ಎಂಜಿನ್ ಸ್ಟಾರ್ಟ್ ಮಾಡಿ.